ಜಾನ್ ಬೀಯ ತೆಳು ಹಲಗೆ

ಶಿಡ್ಲಘಟ್ಟದ ಜಾನ್ ಬೀಗೆ ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಎಂದರೆ ವಾಕರಿಕೆ. ಗಂಡ ತಾಜ್ ಪಾಷಾ ನೂಲು ತೆಗೆಯುವ ಕೆಲಸದಿಂದ ಬಂದರೆ ಮೈ ತೊಳೆಯದೆ ಒಳಗೆ ಕಾಲಿಡುವಂತಿರಲಿಲ್ಲ. ಕೇರಿಯ ಹೆಂಗಸರು ರೇಷ್ಮೆ ಬಿಚ್ಚುವ ಚರಕದ ಮುಂದೆ ಕೂತರೂ ಅವಳು ಕೂರಲಿಲ್ಲ. ಬಡಗಿ ಅಪ್ಪನಿಂದ ಕಲಿತದ್ದನ್ನು ನೆಚ್ಚಿಕೊಂಡು ಮದುವೆಮನೆಗಳಿಗೆ ಬಳೆಯ, ಕುಂಕುಮದ ಪುಟ್ಟ ಪೆಟ್ಟಿಗೆ ಮಾಡಿಕೊಡುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲಿ ಊರಿನ ಅಂಗಡಿಯಲ್ಲಿ ಸಿಗುತ್ತಿದ್ದದ್ದು ದಪ್ಪ ಪ್ಲೈವುಡ್ ಮಾತ್ರ. ಅಂಗೈಯಗಲದ ಪೆಟ್ಟಿಗೆಗೆ ಅದನ್ನು ಹೊಡೆದರೆ ಬಾಗಿಲು ಹೊಡೆದಂತೆ ಕಾಣುತ್ತಿತ್ತು. ಅದಕ್ಕೇ ಅಂಚಿಗೆ ಚಾಕು ತೂರಿಸಿ ಮೇಲಿನ ಪದರ ಎಬ್ಬಿಸಿ, ಉಳಿದದ್ದನ್ನು ಉಜ್ಜುಗೊರಡಿನಲ್ಲಿ ಹೆರೆದು, ಉಪ್ಪುಕಾಗದದಲ್ಲಿ ತಿಕ್ಕಿ ತೆಳ್ಳಗೆ ಮಾಡುತ್ತಿದ್ದಳು. ರಟ್ಟೆ ಬಿದ್ದುಹೋಗುತ್ತಿತ್ತು.

“ಕುದಿಯೋ ನೀರಲ್ಲಿ ಹಾಕಿದ್ರೆ ಅಂಟು ಬಿಟ್ಕೊಂಡು ಪದರ ಪದರ ಬರ್ತದೆ. ನಮ್ಮ ಕೆಲಸದ ಹತ್ರ ಗೂಡು ಬೇಯ್ಸೋ ಬಾಣಲೆ ಇದ್ದೇ ಇದೆಯಲ್ಲ,” ಎಂದ ತಾಜ್ ಪಾಷಾ.

“ಹುಳ ಬೆಂದ ನೀರಲ್ಲಾ? ಥೂ! ಪೆಟ್ಟಿಗೇಲಿ ಕುಂಕುಮ ಇಡ್ತಾರೆ ಕಣ್ರೀ!”

ಅವಳು ತಂಗಿಯ ಬಾಣಂತನಕ್ಕೆಂದು ಗೌರಿಬಿದನೂರಿಗೆ ಹೋದಾಗ ಅವನು ಅದನ್ನೇ ಮಾಡಿದ. ವಾಪಸು ಬಂದಾಗ ತೆಳು ಹಾಳೆಗಳು ಒಣಗಿ ಗೋಡೆಗೊರಗಿದ್ದವು. “ನಮ್ಮ ಹಂಡೆ ನೀರಲ್ಲೇ ನೆನೆಸ್ದೆ,” ಎಂದ. ಒಣಗಿದ ಹಾಳೆಗೆ ವಾಸನೆ ಇರಲಿಲ್ಲ, ನಂಬಿದಳು. ಅದರಲ್ಲೇ ಪಕ್ಕದ ಬೀದಿಯ ಲಕ್ಷ್ಮಿದೇವಮ್ಮನ ಮಗಳ ಮದುವೆಗೆ ಪೆಟ್ಟಿಗೆ ಮಾಡಿಕೊಟ್ಟಳು.

ಜಡಿಮಳೆ ಹಿಡಿದ ವಾರ ಲಕ್ಷ್ಮಿದೇವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಪೆಟ್ಟಿಗೆಯನ್ನು ಜಗಲಿಯ ಮೇಲೆ ಕುಕ್ಕಿದರು.

“ಇದೇನಮ್ಮ ಜಾನ್ ಬೀ, ಇಲಿ ಸತ್ತಂಗೆ ನಾರ್ತದೆ! ಅರಿಶಿನ ಕುಂಕುಮ ತಿಪ್ಪೆಗೆ ಹಾಕ್ದೆ. ಬೀಗರ ಮುಂದೆ ನಮ್ಮ ಮಾನ ಹೋಯ್ತು.”

ಜಾನ್ ಬೀ ಮುಚ್ಚಳ ತೆರೆದಳು. ಥಂಡಿಗೆ ಮರ ಹಸಿಯಾಗಿ ಅದೇ ಬಾಣಲೆಯ ನಾತ ಎದ್ದಿತ್ತು. ಮೋರಿಗೆ ಓಡಿ ವಾಂತಿ ಮಾಡಿದಳು.

ಒಳಗಿದ್ದ ತಾಜ್ ಪಾಷಾ ನಕ್ಕ. “ಬಿಸಿಲು ಬಿದ್ರೆ ಹೋಗ್ತದೆ ಬಿಡೇ. ಅಂಟಿನ ವಾಸ್ನೆ ಅಂದ್ಬಿಡು, ಅವರಿಗೇನು ಗೊತ್ತಾಯ್ತದೆ?”

ನಾತಕ್ಕಿಂತ ಆ ನಗು ಅವಳಿಗೆ ಹೇಸಿಗೆಯಾಯಿತು. ಬಾಯಿ ಮುಕ್ಕಳಿಸಿ ಬಂದು, ಅವನಿಗೆ ಕೇಳುವ ಹಾಗೆಯೇ ಲಕ್ಷ್ಮಿದೇವಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದಳು. ಉಳಿದ ಹಾಳೆಗಳನ್ನು ಮುರಿದು ತಿಪ್ಪೆಗೆಸೆದಳು. ಹೊಸ ಹಲಗೆ ತಂದು, ಕೈಯಲ್ಲೇ ಹೆರೆದು ಬೇರೆ ಪೆಟ್ಟಿಗೆ ಮಾಡಿದಳು. ಲಕ್ಷ್ಮಿದೇವಮ್ಮ ಅದನ್ನು ಮೂಸಿ ನೋಡಿ ತೆಗೆದುಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ಚಿಕ್ಕಬಳ್ಳಾಪುರದ ಅಂಗಡಿಗೆ ತೆಳು ಪ್ಲೈವುಡ್ಡೇ ಬಂತು. ಅವಳ ಮುನಿಸು ಇನ್ನೂ ಇಳಿದಿರಲಿಲ್ಲ; ರಾಜಿಯಾಗುವ ಆಸೆಯಿಂದ ತಾಜ್ ಪಾಷಾ ಸೈಕಲ್ಲಿಗೆ ಕಟ್ಟಿಕೊಂಡು ತಂದ. ಅವಳು ಅದನ್ನು ಅಂಗಳದಲ್ಲೇ ಇಡಿಸಿ, ಅವನ ಕೈ ತಾಗಿದ ಕಡೆಯೆಲ್ಲ ಬಟ್ಟೆಯಿಂದ ಒರೆಸತೊಡಗಿದಳು.