ಬ್ಯಾಕಪ್ಪಿಗೊಂದು ದಿನದ ರಜೆ

ಬೆಳಿಗ್ಗೆ ಮನೆಗೆ ಬೀಗ ಹಾಕಿ ಹೊರಟವನು ಮೂರನೆಯ ತಿರುವಿನ ಬೇಕರಿಯವರೆಗೂ ಹೋಗಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ ಮನೆಗೆ ಹಿಂದಿರುಗುವುದು ಈಚೆಗೆ ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿಬಿಟ್ಟಿದೆ. ಪ್ರತಿಸಲವೂ ಮುಚ್ಚಿಯೇ ಇರುತ್ತೇನೆ. ಆದರೆ ಮುಚ್ಚಿದ ನೆನಪು ಮಾತ್ರ ಎಷ್ಟು ತಡಕಿದರೂ ಕೈಗೆ ಸಿಗುವುದಿಲ್ಲ. ಸಿಕ್ಕಿದರೂ ಅದು ಇವತ್ತಿನದೋ ಹೋದ ವಾರದ್ದೋ ಹೇಳಲಾಗುವುದಿಲ್ಲ. ಟೀಚರ್ ಕೆಲಸಕ್ಕೆಂದು ನನಗಿಂತ ಮೊದಲೇ ಮನೆ ಬಿಡುವ ನನ್ನ ಹೆಂಡತಿ ಇದಕ್ಕೊಂದು ಮದ್ದು ಹೇಳಿಕೊಟ್ಟಿದ್ದಾಳೆ. “ಮುಚ್ಚುವಾಗ ಜೋರಾಗಿ ಹೇಳ್ರೀ, ಇವತ್ತು ಮಂಗಳವಾರ, ನಾನೇ ಮುಚ್ಚಿದೆ ಅಂತ. ಪಕ್ಕದ ಮನೆಯವ್ರು ನಕ್ಕರೆ ನಗ್ಲಿ, ಸಾಕ್ಷಿಯಾದ್ರೂ ಆಗ್ತಾರೆ.”

ನಿಮಗೂ ನಗು ಬರಬಹುದು. ಸಾಕ್ಷಿಯಿಲ್ಲದ ನನ್ನದೊಂದು ನೆನಪಿನಿಂದ ಒಬ್ಬರ ಕೆಲಸ ಹೋಗುವವರೆಗೆ ನಾನೂ ಇಂಥದಕ್ಕೆಲ್ಲ ನಗುತ್ತಿದ್ದವನೇ.

ವಿಶ್ವವಿದ್ಯಾನಿಲಯದಲ್ಲಿ ನಾನು ಓದಿದ್ದು ಸಂಖ್ಯಾಶಾಸ್ತ್ರ. ಅಲ್ಲಿ ಕಲಿತ ಸೂತ್ರಗಳು ಮರೆತುಹೋದರೂ, ಆಧಾರವಿಲ್ಲದೆ ಯಾವುದನ್ನೂ ನಂಬಬಾರದೆಂಬ ಚಟವೊಂದು ಉಳಿದುಕೊಂಡಿತು. ಆ ಚಟವನ್ನು ಹೊತ್ತು, ಒಂದು ಕಡೆ ನಿಲ್ಲಲಾರದೆ ನಾಲ್ಕಾರು ಕಡೆ ಅಲೆದು, ಕೊನೆಗೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಬ್ಯಾಕಪ್ ನೋಡಿಕೊಳ್ಳುವ ಕೆಲಸಕ್ಕೆ ಬಂದು ಕೂತೆ. ಅನುಮಾನಪಿಶಾಚಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನೊಂದಿಲ್ಲ. ಇದ್ದದ್ದೆಲ್ಲ ಒಂದು ದಿನ ಇಲ್ಲವಾಗಬಹುದೆಂದು ನಂಬಿ, ಎಲ್ಲದರ ನಕಲೊಂದನ್ನು ಬೇರೆಡೆ ಇಡುತ್ತ ಹೋಗುವುದಷ್ಟೇ ಅಲ್ಲಿ ನನ್ನ ಪಾಲಿನ ಕಾಯಕ. ಕೇಳುವುದಕ್ಕೆ ಸುಲಭ. ಆದರೆ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳು ದಿನದಿಂದ ದಿನಕ್ಕೆ ಬೆಳೆಯುತ್ತವೆ, ಡಿಸ್ಕುಗಳು ಬೆಳೆಯುವುದಿಲ್ಲ. ಬರುವ ಯುಗಾದಿಗೆ ಎಷ್ಟು ಜಾಗ ಬೇಕು, ಅದರಾಚೆಯ ದಸರೆಗೆ ಎಷ್ಟು ಎಂದು ಮುಂಚಿತವಾಗಿ ಅಂದಾಜು ಮಾಡಬೇಕು. ನಕಲಾಗುವ ಕೆಲಸ ಬೆಳಗಿನ ಹೊರರೋಗಿಗಳು ಬರುವ ಮೊದಲೇ ಮುಗಿಯಬೇಕು. ಮುಗಿಯದಿದ್ದರೆ ಡಾಕ್ಟರುಗಳ ಮುಂದಿನ ಪರದೆಗಳು ತೂಕಡಿಸತೊಡಗುತ್ತವೆ, ಅವರ ಸಿಟ್ಟು ನೆಟ್ಟಗೆ ನನ್ನ ಫೋನಿಗೆ ಇಳಿಯುತ್ತದೆ.

ಹೋದ ದಸರೆಗೆ ಮುಂಚೆ ಪರಿಸ್ಥಿತಿ ಹಾಗೆಯೇ ಕೆಟ್ಟಿತ್ತು. ನಾನು ವಾರಗಟ್ಟಲೆ ಕೂತು ಬ್ಯಾಕಪ್ಪಿನ ವ್ಯವಸ್ಥೆಯನ್ನು ತಿದ್ದಿದೆ. ಒಂದೇ ಸಾಲಿನಲ್ಲಿ ಹರಿಯುತ್ತಿದ್ದುದನ್ನು ನಾಲ್ಕು ಸಾಲಾಗಿ ಒಡೆದೆ. ಒಂದೇ ಬಗೆಯ ತುಣುಕುಗಳು ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಇಟ್ಟುಕೊಂಡು, ಮಿಕ್ಕವುಗಳಿಗೆ ‘ಅದೇ ಇದು’ ಎಂಬ ಗುರುತಷ್ಟೇ ಬರೆದುಕೊಳ್ಳುವ ಜಾಣ ಏರ್ಪಾಡನ್ನು ಚಾಲೂ ಮಾಡಿದೆ. ಯಾರು ಯಾವಾಗ ಯಾವ ಗುಂಡಿ ಒತ್ತಿದರೆಂದು ಯಂತ್ರ ತಾನೇ ಬರೆದಿಡುವ ದಿನಚರಿಯನ್ನು ವರ್ಷಗಟ್ಟಲೆ ಇಡುವುದು ದಂಡವೆನ್ನಿಸಿ, ಮೂರು ತಿಂಗಳು ದಾಟಿದ್ದನ್ನು ಅಳಿಸುವಂತೆ ಹೇಳಿದೆ. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಮನುಷ್ಯ ಏನನ್ನು ಬೇಕಾದರೂ ದಂಡವೆಂದುಕೊಳ್ಳುತ್ತಾನೆ.

ಸರ್ವರ್ ಕೋಣೆಯಲ್ಲಿ ನನ್ನ ಜೊತೆಗಾರರೆಂದರೆ ಪುಟ್ಟಸ್ವಾಮಿ. ನನಗಿಂತ ಹತ್ತು ವರ್ಷ ಹಿರಿಯರು, ವರುಣಾ ಕಡೆಯ ಒಕ್ಕಲು ಮನೆತನದವರು, ಕುಂಬಾರಕೊಪ್ಪಲಿನಲ್ಲಿ ವಾಸ. ಏಜೆನ್ಸಿಯೊಂದರ ಮೂಲಕ ಬಂದ ಗುತ್ತಿಗೆ ನೌಕರರಾದ್ದರಿಂದ ಅವರ ಕೆಲಸ ಆರು ತಿಂಗಳಿಗೊಮ್ಮೆ ನವೀಕರಣವಾಗಬೇಕು. ಆಯುಧಪೂಜೆಯ ದಿನ ಬ್ಯಾಕಪ್ಪಿಗೆ ರಜೆ ಕೊಡುವ ಪದ್ಧತಿ ತಂದವರು ಅವರೇ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರವನ್ನಾಗಲಿ ಆಮ್ಲಜನಕದ ಯಂತ್ರವನ್ನಾಗಲಿ ಪೂಜೆಗೆಂದು ನಿಲ್ಲಿಸುವಂತಿಲ್ಲ. ಎಲ್ಲವುಗಳ ಪರವಾಗಿ ಇದೊಂದಾದರೂ ನಿಲ್ಲಲಿ ಎಂಬುದು ಅವರ ವಾದ. “ಅದೂ ಗೇಯ್ತದಲ್ವಾ ಸಾರ್, ವರ್ಷಕ್ಕೊಂದಿನ ಮಲೀಕಳ್ಳಿ ಬುಡಿ. ಎತ್ಗೂ ಒಂದಿನ ನೊಗ ಇಳಿಸ್ತೀವಿ.” ನಾನು ತಮಾಷೆ ಮಾಡುತ್ತಲೇ ಒಪ್ಪಿಕೊಂಡೆ. ಅಂದು ಬ್ಯಾಕಪ್ಪನ್ನು ‘ತಡೆ’ಯಲ್ಲಿಟ್ಟು, ಪೆಟ್ಟಿಗೆಗೆ ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುವುದು. ವಿಜಯದಶಮಿ ಕಳೆದ ಮರುದಿನ ತಡೆ ತೆಗೆಯುವುದು. ಗೊಂದಲವಾಗದಿರಲೆಂದು ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು: ಆ ವರ್ಷ ಯಂತ್ರವನ್ನು ಮಲಗಿಸಿದವರು ಯಾರೋ ಅವರೇ ಎಬ್ಬಿಸಬೇಕು. ಐದು ವರ್ಷ ಹೀಗೆಯೇ ನಡೆಯಿತು.

ಆರನೆಯ ವರ್ಷ ಯಾರೂ ಎಬ್ಬಿಸಲಿಲ್ಲ.

ಅದು ಗೊತ್ತಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಯಂತ್ರ ಸೋತರೆ ನಮಗೆ ದೂರಿನ ಮಿಂಚಂಚೆ ಬರುತ್ತದೆ. ಮಲಗಿರುವ ಯಂತ್ರ ಸೋಲುವುದಿಲ್ಲ. ಪುಟ್ಟಸ್ವಾಮಿ ಪ್ರತಿ ಬೆಳಿಗ್ಗೆ ತಪಾಸಣೆಯ ಪುಸ್ತಕದಲ್ಲಿ ‘ದೋಷವಿಲ್ಲ’ ಎಂದು ಬರೆದರು. ಅದು ಅಕ್ಷರಶಃ ಸತ್ಯವಾಗಿತ್ತು. ಇನ್ನು ನಾನೋ, ಡಿಸ್ಕಿನ ಜಾಗದ ನಕ್ಷೆಯನ್ನು ನೋಡಿ ಹಿಗ್ಗಿದೆ. ವರ್ಷಗಳಿಂದ ಏರುತ್ತಲೇ ಇದ್ದ ಗೆರೆ ದಸರೆಯಿಂದೀಚೆಗೆ ಮೇಜಿನಂತೆ ಸಮತಟ್ಟಾಗಿತ್ತು. ಬೆಳಗಿನ ಪರದೆಗಳು ಚುರುಕಾಗಿದ್ದವು. ಇದೆಲ್ಲ ನನ್ನ ತಿದ್ದುಪಡಿಯ ಫಲವೆಂದುಕೊಂಡೆ. ದೀಪಾವಳಿಯ ಮುಂಚೆ ಆಡಳಿತಾಧಿಕಾರಿಣಿಗೆ, ನಾವೆಲ್ಲ ಮೇಡಂ ಎನ್ನುವವರಿಗೆ, ಆ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದೆ. “ಹಾಗಾದ್ರೆ ಈ ವರ್ಷ ಹೊಸ ಡಿಸ್ಕ್ ಬೇಡ್ವಾ?” ಎಂದರು. “ಬೇಡ ಮೇಡಂ” ಎಂದೆ. ಜಗತ್ತಿನಲ್ಲಿ ಕಂಡದ್ದನ್ನೆಲ್ಲ ಅನುಮಾನಿಸಿದವನು ನನಗೆ ಮೆಚ್ಚುಗೆ ತಂದ ಗೆರೆಯೊಂದನ್ನು ಮಾತ್ರ ಅನುಮಾನಿಸಲಿಲ್ಲ.

ಸಂಕ್ರಾಂತಿಯಾದ ಮೂರನೆಯ ದಿನ ಮುಖ್ಯ ಸರ್ವರಿನ ಡಿಸ್ಕುಗಳು ಒಟ್ಟಿಗೇ ಕೈಕೊಟ್ಟವು. ನಾನು ನಿಶ್ಚಿಂತೆಯಿಂದ ಬ್ಯಾಕಪ್ ತೆರೆದೆ. ಅದರಲ್ಲಿದ್ದ ಕೊನೆಯ ನಕಲು ಆಯುಧಪೂಜೆಯ ಹಿಂದಿನ ದಿನದ್ದು. ಅಲ್ಲಿಂದೀಚೆಗೆ ಈ ಊರಿನವರು ಬಂದು ಮಲಗಿ, ಉಸಿರು ಹಿಡಿದು ತೆಗೆಸಿಕೊಂಡ ಒಂದು ಚಿತ್ರವೂ ಎಲ್ಲಿಯೂ ಇರಲಿಲ್ಲ. ಅದೇ ಮಧ್ಯಾಹ್ನ ಉದಯಗಿರಿಯ ಪಂಕ್ಚರ್ ಅಂಗಡಿಯವರೊಬ್ಬರು ಕೆಮ್ಮುತ್ತ ಬಂದರು. ಶ್ವಾಸಕೋಶದಲ್ಲಿ ಕಂಡಿದ್ದ ಮಚ್ಚೆ ಬೆಳೆದಿದೆಯೇ ಎಂದು ನೋಡಲು ಡಾಕ್ಟರಿಗೆ ಎರಡು ತಿಂಗಳ ಹಿಂದಿನ ಚಿತ್ರ ಬೇಕಿತ್ತು. “ಫಿಲ್ಮ್ ಕೇಳ್ದೆ ಸ್ವಾಮಿ, ಕಂಪ್ಯೂಟರ್‌ನಲ್ಲಿ ಭದ್ರವಾಗಿರ್ತದೆ ಅಂತ ನೀವೇ ಅಂದ್ರಲ್ಲ” ಎಂದರು ಅವರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

ಸಂಜೆ ಮೇಡಂ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು. ಕರಾರಿನ ವಿಷಯ ತಿಳಿದ ಮೇಲೆ ಅವರ ಪ್ರಶ್ನೆ ಒಂದೇ: ಈ ಸಲ ಮಲಗಿಸಿದವರು ಯಾರು?

ನನ್ನ ಕಣ್ಣೆದುರು ಚಿತ್ರ ಸ್ವಚ್ಛವಾಗಿತ್ತು. ಪುಟ್ಟಸ್ವಾಮಿ ಕುರ್ಚಿಯ ಅಂಚಿಗೆ ಕೂತಿದ್ದಾರೆ, ಬೆರಳಿಗೆಲ್ಲ ಅರಿಶಿನ, ಕೀಬೋರ್ಡಿನಲ್ಲಿ ಒತ್ತಿದ ಕೀಲಿಯ ಮೇಲೆ ಹಳದಿ ಕಲೆ. ಹಾಗೆಯೇ ಹೇಳಿದೆ.

ಪುಟ್ಟಸ್ವಾಮಿ ನನ್ನನ್ನು ಆಶ್ಚರ್ಯದಿಂದ ನೋಡಿದರು. “ಇಲ್ಲ ಕಣ್ರೀ ಸಾರ್, ನೀವೇ ಅಲ್ವಾ? ಮನೆಗೆ ಓಗೋ ಅರ್ಜೆಂಟ್‌ನಲ್ಲಿದ್ರಿ. ಎಲ್ಮೆಟ್ ಕಂಕ್ಳಲ್ಲೇ ಇತ್ತು, ನಿಂತ್ಕಂಡೇ ಒತ್ಬುಟ್ಟು ಓದ್ರಿ. ಕೂತ್ಕಳಿ ಅಂದೆ ನಾನು.”

ಯಂತ್ರದ ದಿನಚರಿ ನೋಡಿದ್ದರೆ ಒಂದು ನಿಮಿಷದ ಮಾತು. ಆದರೆ ಆಯುಧಪೂಜೆ ಕಳೆದು ಮೂರು ತಿಂಗಳು ದಾಟಿತ್ತು. ನಾನು ಹೇಳಿಕೊಟ್ಟಂತೆಯೇ ಅದು ಆ ಪುಟವನ್ನು ಅಳಿಸಿತ್ತು.

ಮೇಡಂ ಒಂದು ಪುಟದ ವರದಿ ಕೇಳಿದರು. ನಾನು ಪ್ರಾಮಾಣಿಕನಾಗಿಯೇ ಬರೆದೆ: ನನಗೆ ನೆನಪಿರುವುದು ಹೀಗೆ, ಅವರಿಗೆ ನೆನಪಿರುವುದು ಹಾಗೆ, ದಾಖಲೆಯಿಲ್ಲದ್ದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ತರ್ಕದಲ್ಲಿ ಅದಕ್ಕಿಂತ ನಿಷ್ಪಕ್ಷಪಾತವಾದ ವಾಕ್ಯವನ್ನು ನಾನು ಈವರೆಗೆ ಬರೆದಿಲ್ಲ. ಆದರೆ ನಿಷ್ಪಕ್ಷಪಾತವಾದ ವಾಕ್ಯ ಹೋಗಿ ಬೀಳುವ ನೆಲ ಸಮನಾಗಿರುವುದಿಲ್ಲ. ನನ್ನ ಅರಿಶಿನದ ಕಲೆ ಓದಿದವನ ನೆನಪು. ಅವರ ಹೆಲ್ಮೆಟ್ಟು ಗುತ್ತಿಗೆಯವನ ಸಬೂಬು. ತಿಂಗಳ ಕೊನೆಗೆ ಅವರ ನವೀಕರಣ ನಿಂತಿತು. ಹೋಗುವ ದಿನ ಸರ್ವರ್ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು, “ಬತ್ತೀನಿ ಸಾರ್” ಎಂದರಷ್ಟೆ.

ಶಿವರಾತ್ರಿಯ ಸುಮಾರಿಗೆ ಒಂದು ಮಧ್ಯಾಹ್ನ, ಕೀಬೋರ್ಡಿನ ಧೂಳು ಒರೆಸುತ್ತಿದ್ದೆ. ಕಪ್ಪು ಕೀಬೋರ್ಡು, ಹಿಂದಿನ ಬೇಸಿಗೆಯಲ್ಲಿ ಬಂದದ್ದು. ಅದರ ಮೇಲೆ ಅರಿಶಿನದ ಕಲೆ ಹೇಗಿರಬಹುದೆಂದು ಸುಮ್ಮನೆ ಕಲ್ಪಿಸಿಕೊಳ್ಳಹೋದೆ. ಆಗ ಒರೆಸುವ ಬಟ್ಟೆ ಕೆಳಗಿಟ್ಟೆ. ನನ್ನ ನೆನಪಿನ ಚಿತ್ರದಲ್ಲಿ ಪುಟ್ಟಸ್ವಾಮಿಯ ಹಳದಿ ಬೆರಳು ಒತ್ತುತ್ತಿದ್ದುದು ಬಿಳಿಯ ಕೀಲಿಗಳನ್ನು. ಅದು ಹಳೆಯ ಕೀಬೋರ್ಡು. ಹಾಗಾದರೆ ಅದು ಹಳೆಯ ಯಾವುದೋ ವರ್ಷ. ಜಾಗ ಉಳಿಸಲು ನಾನು ಯಂತ್ರಕ್ಕೆ ಕಲಿಸಿದ ಜಾಣತನವನ್ನು ನನ್ನ ತಲೆ ಯಾವಾಗಿನಿಂದಲೋ ನಡೆಸಿಕೊಂಡು ಬಂದಿತ್ತು. ಆರು ಆಯುಧಪೂಜೆಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದ ಐದರ ಜಾಗದಲ್ಲಿ ‘ಅದೇ ಇದು’ ಎಂದು ಬರೆದುಕೊಂಡಿತ್ತು. ಸ್ನೇಹಿತರೇ, ನಮ್ಮ ಬಾಳಿನ ಬಹುಪಾಲನ್ನು ನಾವು ಹೀಗೆಯೇ ಇಟ್ಟುಕೊಂಡಿರುತ್ತೇವೆಂದು ನನಗೆ ಭಯ. ಒಂದು ಮುತ್ತು, ಒಂದು ಜಗಳ, ತಾಯಿಯ ಒಂದು ಕೈತುತ್ತು. ಮಿಕ್ಕದ್ದೆಲ್ಲ ಬರಿಯ ಗುರುತು. ಬಿಚ್ಚಿ ನೋಡುವವರೆಗೆ ಎಲ್ಲವೂ ಇದೆಯೆಂದೇ ಅನ್ನಿಸುತ್ತದೆ.

ಆ ಕೂಡಲೇ ಮೇಡಂ ಬಳಿ ಹೋಗಿ, ತಪ್ಪು ನನ್ನದೆಂದು ಇನ್ನೊಂದು ಪತ್ರ ಕೊಟ್ಟೆ. ಅವರು ಎರಡು ಸಲ ಓದಿದರು.

“ಈಗ ನೆನಪು ಬಂತಾ?”

“ನೆನಪು ಬರಲಿಲ್ಲ ಮೇಡಂ. ಆದರೆ ನನ್ನ ನೆನಪು ಆ ವರ್ಷದ್ದಲ್ಲ ಅಂತ ಗೊತ್ತಾಯ್ತು. ಅವರದು ನಿಜ ಅಂತ ನಂಬ್ತೀನಿ.”

“ನೀವು ನಂಬ್ತೀರಿ ಅಂತ ನಾನು ಏಜೆನ್ಸಿಗೆ ಬರೆಯೋಕಾಗುತ್ತೇನ್ರೀ?” ಎಂದು ನಿಟ್ಟುಸಿರಿಟ್ಟರು. ಆದರೆ ಕೆಟ್ಟವರಲ್ಲ. “ಒಂದು ಕೆಲ್ಸ ಮಾಡಿ. ಅವತ್ತು ಇಲ್ಲಿ ಹೇಳಿದ್ದನ್ನೇ ಅವರು ಬರೆದು ಸಹಿ ಹಾಕ್ಕೊಡ್ಲಿ. ಎರಡೂ ಪತ್ರ ಸೇರಿದ್ರೆ ವಾಪಸ್ ಕರೆಸ್ಕೊಳ್ಳೋಣ.”

ಪುಟ್ಟಸ್ವಾಮಿ ಬನ್ನಿಮಂಟಪದ ಕಲ್ಯಾಣಮಂಟಪವೊಂದರಲ್ಲಿ ಕಾರು ನಿಲ್ಲಿಸುವ ಕಡೆ ಕೆಲಸಕ್ಕಿದ್ದಾರೆಂದು ತಿಳಿಯಿತು. ಮರುದಿನ ಹೋದಾಗ ಉರಿಬಿಸಿಲು. ಕೊರಳಲ್ಲಿ ಸೀಟಿ, ತಲೆಗೆ ಟವಲು. ನನ್ನನ್ನು ಕಂಡು ಮುಖ ಅರಳಿಸಿದರು. “ಏನ್ಸಾರ್, ಮದ್ವೆಗಾ? ಎಣ್ಣಿನ ಕಡೆನಾ, ಗಂಡಿನ ಕಡೆನಾ?”

“ನಿಮ್ಮ ಕಡೆ” ಎಂದೆ. ಕೀಬೋರ್ಡಿನ ಬಣ್ಣದಿಂದ ಹಿಡಿದು ಮೇಡಂ ಮಾತಿನವರೆಗೆ ಎಲ್ಲವನ್ನೂ ಹೇಳಿ, ಕಾಗದ ಪೆನ್ನು ಮುಂದಿಟ್ಟೆ. “ನಾನು ಹೆಲ್ಮೆಟ್ ಕಂಕುಳಲ್ಲಿ ಇಟ್ಕೊಂಡು, ನಿಂತೇ ಒತ್ತಿದೆ ಅಂದಿದ್ರಲ್ಲ, ಅಷ್ಟು ಬರೆದ್ರೆ ಸಾಕು.”

ಅವರು ಪೆನ್ನು ತೆಗೆದುಕೊಂಡರು. ಕಾಗದದ ಮೇಲೆ ಹಿಡಿದು, ತಲೆಯೆತ್ತಿ ನನ್ನನ್ನು ನೋಡಿದರು.

“ಅಂಗಂದಿದ್ನಾ ಸಾರ್ ನಾನು?”

“ಮೇಡಂ ಎದುರಿಗೇ ಅಂದ್ರಿ.”

“ಗಾಬ್ರೀಲಿ ಅಂದಿರ್ಬೇಕು. ಕೆಲ್ಸ ಓದ್ಮೇಲೆ ಮನೇಲಿ ಕೂತು ಯೋಚ್ನೆ ಮಾಡ್ದೆ. ನನ್ನೆಂಡ್ತಿನೂ ಅಂದ್ಳು, ಅಷ್ಟು ಓದ್ದೋರು ಸುಮ್ಸುಮ್ನೆ ಯಾಕಂದಾರು ಅಂತ. ಆಮ್ಯಾಕೆ ಒಂದಿನ ಗ್ಯಾಪ್ಕ ಬಂದ್ಬುಡ್ತು. ನಾನೇ ಮಲಗಿಸಿದ್ದೆ. ಬೆರಳೆಲ್ಲ ಅರಿಶ್ನ, ಕೀಲಿ ಮ್ಯಾಲೂ ಆಯ್ತು. ಕಣ್ಣಿಗೆ ಕಟ್ದಂಗೈತೆ.”

“ಅದು ನನ್ನ ನೆನಪು, ಪುಟ್ಟಸ್ವಾಮಿ. ನಾನು ಹೇಳಿದ್ದು. ತಪ್ಪು ಹೇಳಿದ್ದೆ.”

“ಇಲ್ಲ ಬುಡಿ. ನನ್ ಪಾಡು ನೋಡ್ನಾರ್ದೆ ಇಂಗಂತೀರ” ಎಂದು ನಕ್ಕರು. ಮಗುವನ್ನು ಸಮಾಧಾನಪಡಿಸುವಂತಿತ್ತು ಆ ನಗು. ನಾನು ಬೇಡಿಕೊಂಡೆ. ಆಸ್ಪತ್ರೆಯ ಕೆಲಸ ಮತ್ತೆ ಸಿಗುತ್ತದೆ, ಬರಿ ನಾಲ್ಕು ಸಾಲು, ಅದೂ ನಿಜವಾದದ್ದೇ ಎಂದೆ. ನಿಜವೆಂದು ಹೇಳುವಾಗ ನನ್ನ ದನಿ ನನಗೇ ಸಾಲದಾಯಿತು. ಯಾಕೆಂದರೆ ಅದು ನಿಜವೆಂದು ಬಲ್ಲವರು ಈ ಲೋಕದಲ್ಲಿ ಅವರೊಬ್ಬರೇ ಇದ್ದರು, ಅವರ ನೆನಪಿನ ಮೇಲೆ ನಾನೇ ನನ್ನದನ್ನು ಬರೆದುಬಿಟ್ಟಿದ್ದೆ.

“ಕೆಲ್ಸ ಬೇಕು ಸಾರ್, ಬ್ಯಾಡ ಅನ್ನಕಿಲ್ಲ” ಎಂದರು. “ಆದ್ರೆ ಸುಳ್ಳು ಬರ್ದು ಸೈನ್ ಮಾಡಕಾಯ್ತದಾ? ನಿಮ್ ಕೆಲ್ಸಕ್ಕೆ ಕಲ್ಲಾಕಕಾಯ್ತದಾ? ಆ ಕೆಮ್ತಿದ್ದ ಯಜಮಾನ್ರು ಈಗ್ಲೂ ಕನಸ್ನಾಗೆ ಬತ್ತಾರೆ.”

ಖಾಲಿ ಕಾಗದವನ್ನು ನೀಟಾಗಿ ಮಡಿಸಿ ನನ್ನ ಜೇಬಿಗೆ ತಾವೇ ಇಟ್ಟರು. ಅಷ್ಟರಲ್ಲಿ ದಿಬ್ಬಣದ ಬಸ್ಸೊಂದು ಗೇಟಿನಲ್ಲಿ ಅಡ್ಡ ನಿಂತು ಹಾರನ್ ಹೊಡೆಯತೊಡಗಿತು. ಪುಟ್ಟಸ್ವಾಮಿ ಸೀಟಿ ಬಾಯಿಗಿಟ್ಟು ಬಿಸಿಲಿಗೆ ಓಡಿದರು.