ತೊಗರಿ ಮೇಡಂ ಅವರ ಬಿಕ್ಕಳಿಕೆ

ತೊಗರಿಯ ವಂಶವಾಹಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವರನ್ನು ನಮ್ಮ ವಿಭಾಗದಲ್ಲಿ ತೊಗರಿ ಮೇಡಂ ಎನ್ನುತ್ತಿದ್ದೆವು. ಬಿಕ್ಕಳಿಕೆ ಬಂದರೆ ಸಾಕು, ಪ್ರಯೋಗಕ್ಕೆಂದು ತೊಗರಿ ಎಲೆ ಅರೆಯುತ್ತಿದ್ದ ಕೈ ನಿಲ್ಲಿಸಿ, "ಯಾರೋ ನನ್ನ ಪ್ರಬಂಧ ನೆನಸಾಕತ್ತಾರ್ರಿ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಆರಂಭವಿರಬೇಕು. ಇಸವಿಯ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವರ ಬಡ್ತಿಯ ಸಂದರ್ಶನ ಹತ್ತಿರ ಬಂದಿತ್ತು. ತೊಗರಿಯ ಸೊರಗು ರೋಗದ ಕುರಿತ ಅವರ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ಉಲ್ಲೇಖಿಸಿದ್ದರೆ ಮಾತ್ರ ಬಡ್ತಿ ಎಂಬ ಮಾತಿತ್ತು. ಅಲ್ಲಿಯವರೆಗೆ ಯಾರೂ ಉಲ್ಲೇಖಿಸಿರಲಿಲ್ಲ.

ರೋಗ ಬಿದ್ದ ಗಿಡ ತರಲು ನಾವಿಬ್ಬರೂ ಅಫಜಲಪುರಕ್ಕೆ ಹೋಗಿದ್ದಾಗ, ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ತಿನ್ನುತ್ತ ಅವರಿಗೆ ಬಿಕ್ಕಳಿಕೆ ಹತ್ತಿತು.

"ನೋಡ್ರಿ ಸರ, ನೆನಸಾಕತ್ತಾರ!"

"ಅದು ಮಿರ್ಚಿ ಖಾರ್ರಿ ಮೇಡಂ," ಎಂದೆ.

ಆ ವಾರವೇ ಗ್ರಂಥಾಲಯಕ್ಕೆ ಬಂದ ವಿದೇಶಿ ಪತ್ರಿಕೆಯಲ್ಲಿ ಅವರ ಹೆಸರಿತ್ತು. ಅವರ ತೀರ್ಮಾನ ಪೂರ್ತಿ ತಪ್ಪೆಂದು ಯಾರೋ ಬರೆದಿದ್ದರು. ಹಿಂಜರಿಯುತ್ತಲೇ ತೋರಿಸಿದೆ. ಅವರು ಕುರ್ಚಿಯಿಂದ ಜಿಗಿದೆದ್ದರು.

"ಬೈದಾನ್ರಿ! ಅಂದ್ರ ಓದ್ಯಾನ!"

ಸಂದರ್ಶನದಲ್ಲಿ ಹಿರಿಯರೊಬ್ಬರು, "ಇದು ಟೀಕಾ ಅಲ್ಲೇನ್ರಿ?" ಎಂದರಂತೆ.

"ಬೈದ್ರೂ ಬಿಕ್ಕಳಿಕೆ ಬರತಾವಲ್ರಿ ಸರ," ಎಂದರಂತೆ ಇವರು. ಬಡ್ತಿ ಸಿಕ್ಕಿತು. ಇಡೀ ವಿಭಾಗಕ್ಕೆ ಪೇಢೆ ಹಂಚಿದರು.

ಬಿಕ್ಕಳಿಕೆ ಮೊದಲು ಬಂತೋ ಪತ್ರಿಕೆ ಮೊದಲು ಬಂತೋ, ಈಗ ನನಗೆ ಖಾತ್ರಿಯಿಲ್ಲ. ಇಂಥದ್ದನ್ನು ನಂಬುವವನೂ ನಾನಲ್ಲ. ಆದರೂ ಇಷ್ಟು ಹೊತ್ತು ಅವರನ್ನು ನೆನೆದಿದ್ದೇನೆ. ಎಲ್ಲಿದ್ದರೂ ಅವರು ಒಂದು ಗುಟುಕು ನೀರು ಕುಡಿಯಲಿ.