ನೆಗೆಣ್ಣಿಯ ಮನೆಗೆ ಆರಿಸಿಕೊಟ್ಟ ಮೀನು

ನನ್ನ ನೆಗೆಣ್ಣಿಯ ಮನೆಯ ಮೀನುಗಳು ಒಂದನ್ನೊಂದು ಹರಿದು ತಿನ್ನಲಿ ಎಂದು ಬಯಸಿದವಳು ನಾನು. ಬರೀ ಬಯಸಿ ಸುಮ್ಮನೆ ಕೂತವಳಲ್ಲ. ಹರಪನಹಳ್ಳಿಗೆ ಬಸ್ಸು ಹತ್ತಿ ಹೋಗಿ, ಅಂಥವನ್ನೇ ಹುಡುಕಿ ಆರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೊಟ್ಟೂರಿನವರೆಗೆ ತಂದುಕೊಟ್ಟವಳು. ಎಂಥಾ ಹೆಂಗಸಪ್ಪಾ ಇವಳು ಅನ್ನುವವರು ಅನ್ನಲಿ. ಅನ್ನುವ ಮೊದಲು ನಮ್ಮ ಮನೆ ಒಕ್ಕಲಿನ ದಿನ ಏನಾಯಿತು ಎಂಬುದನ್ನೂ ಕೇಳಲಿ.

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕೊಟ್ಟೂರಿನಲ್ಲಿ ಅವರದು ಬಟ್ಟೆ ಅಂಗಡಿ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ರವಿಕೆ ಹೊಲಿಯುವವಳು. ನಾನು ಮದುವೆಯಾಗಿ ಬಂದ ವರ್ಷವೇ ಮಾವ ತೀರಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು, ಊರಿಗೆಲ್ಲ ಗೊತ್ತಿತ್ತು. ಆದರೂ ಹೆಣ ಎತ್ತುವ ಮೊದಲೇ ನೆಗೆಣ್ಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಣ್ಣ ಸೊಸಿ ಕಾಲ್ಗುಣ ನೋಡ್ರಿ" ಅಂದಿದ್ದಳು. ಅವತ್ತಿನಿಂದ ಹಾಲು ಉಕ್ಕಿದರೂ ಎಮ್ಮೆ ಕಂದು ಹಾಕಿದರೂ ಅದು ನನ್ನ ಕಾಲಿನದೋ ಕೈಯದೋ ಗುಣ. ಎದುರು ಮಾತಾಡಿದರೆ ಬಾಯಿಬಡುಕಿ, ಸುಮ್ಮನಿದ್ದರೆ ಒಳಗಿನ ಕಳ್ಳಿ. ನಾನು ಸುಮ್ಮನಿದ್ದೆ. ಹೊಟ್ಟೆಯಲ್ಲಿ ಮಾತ್ರ ಒಂದೊಂದನ್ನೂ ಇಟ್ಟುಕೊಂಡೆ.

ಎಷ್ಟೋ ವರ್ಷ ಬಾಡಿಗೆ ಮನೆಯಲ್ಲಿ ಸವೆದು ಕೊನೆಗೊಂದು ಮನೆ ಕಟ್ಟಿಸಿದೆವು. ಎರಡು ಕೋಣೆ, ಒಂದು ಹಾಲ್. ಹಾಲ್‌ನ ಗೋಡೆಗೆ ಯಾವ ಬಣ್ಣ ಹೊಡೆಸಬೇಕೆಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಒಕ್ಕಲಿನ ದಿನ ಆ ಗೋಡೆಯನ್ನು ಒಬ್ಬರೂ ನೋಡಲಿಲ್ಲ. ಯಾಕೆಂದರೆ ನೆಗೆಣ್ಣಿ ಹಿಂದಿನ ದಿನವೇ ಹೊಸಪೇಟೆಯಿಂದ ಒಂದು ಗಾಜಿನ ಅಕ್ವೇರಿಯಂ ತರಿಸಿ ಅದೇ ಗೋಡೆಗೆ ಇಡಿಸಿದ್ದಳು. ಮನೆ ಒಕ್ಕಲಿಗೆ ಅವಳು ತಂದ ಮುಯ್ಯಿ ಅದು. ಬಂದವರೆಲ್ಲ ಮನೆ ಬಿಟ್ಟು ಮೀನಿನ ಮುಂದೆ ಗುಂಪು ಕಟ್ಟಿ ನಿಂತರು.

"ಬಣ್ಣ ನೋಡಿ ಆರಿಸೀನಿ ತಂಗಿ, ಸೀರಿ ಆರಿಸಿದಂಗ" ಅಂದಳು. "ಕೆಂಪು ಬಂತು, ಹಳದಿ ಬಂತು, ನಡುವ ಕರಿ ಇರ್ಲಿ ಅಂತ ಈ ದೊಡ್ಡದು."

ಸಣ್ಣವು ಗಪ್ಪಿ, ಬೆರಳಿನ ಉಗುರಿನಷ್ಟು. ಆ ದೊಡ್ಡದಕ್ಕೆ ಆಸ್ಕರ್ ಅನ್ನುತ್ತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅಂಗೈ ಅಗಲ, ಕಪ್ಪು ಮೈ, ಮೇಲೆ ಕೆಂಡದ ಬಣ್ಣದ ಪಟ್ಟೆ. ನೆಗೆಣ್ಣಿ ಗಾಜಿಗೆ ಮೂರು ಬೆರಳಿನ ವಿಭೂತಿ ಬೇರೆ ಎಳೆದಿದ್ದಳು. ಅಂಗಡಿಯವನು ಕೊಟ್ಟ ಒಣಹುಳದ ಡಬ್ಬಿಯನ್ನು ದಾರಿಯಲ್ಲೇ ಬಿಸಾಡಿ ಬಂದಿದ್ದಳಂತೆ. "ನಮ್ಮನಿ ಸೇರಿದ ಮ್ಯಾಲೆ ಅವೂ ನಮ್ಮಂಗ ಮಂಡಕ್ಕಿ ತಿನ್ಲಿ" ಅಂತ ನಗುತ್ತಾ ಒಂದು ಹಿಡಿ ಮಂಡಕ್ಕಿ ಎರಚಿದಳು. ಗುಡಿ ಹೊಂಡದಲ್ಲಿ ಮೀನಿಗೆ ಮಂಡಕ್ಕಿ ಎರಚಿ ಬೆಳೆದವರು ನಾವು, ಎಲ್ಲರಿಗೂ ಸರಿ ಅನ್ನಿಸಿತು. ಬಂದ ಹೆಂಗಸರೂ ಒಂದೊಂದು ಹಿಡಿ ಹಾಕಿದರು. ನೀರು ಗಂಜಿಯಾಗತೊಡಗಿತು.

ಪೂಜೆ ಮುಗಿಸಿ ಜಂಗಮ ಅಯ್ಯನೋರು ಪ್ರಸಾದಕ್ಕೆ, ಅಂದರೆ ಊಟಕ್ಕೆ, ಕೂತರು. ಅವರು ತುತ್ತು ಎತ್ತದೆ ನಮ್ಮಲ್ಲಿ ಯಾರೂ ಎಲೆ ಮುಟ್ಟುವುದಿಲ್ಲ. ಹಾಲ್ ತುಂಬ ಎಲೆ ಹಾಕಿತ್ತು, ಹೋಳಿಗೆ ಬಡಿಸಿಯಾಗಿತ್ತು. ಅಷ್ಟರಲ್ಲಿ ಒಂದು ಮಗು ಕಿಟಾರನೆ ಕಿರುಚಿತು. ನೋಡಿದರೆ ಆಸ್ಕರ್‌ನ ಬಾಯಲ್ಲಿ ಗಪ್ಪಿಯ ಬಾಲ ಅಲ್ಲಾಡುತ್ತಿದೆ. ಹಿಂದಿನ ದಿನದಿಂದ ಬರೀ ಮಂಡಕ್ಕಿ ಕಂಡಿದ್ದ ಪ್ರಾಣಿ ಪಾಪ, ಎಲ್ಲರ ಕಣ್ಣೆದುರೇ ಇನ್ನೊಂದನ್ನು ನುಂಗಿತು, ಮತ್ತೊಂದನ್ನು ನುಂಗಿತು.

ಅಯ್ಯನೋರು ಎದ್ದರು. ಸಿಟ್ಟು ಮಾಡಲಿಲ್ಲ, ಒಳ್ಳೆಯ ಮನುಷ್ಯ. "ಕಣ್ಣೆದುರಿಗೆ ಜೀವ ಹೋತು ತಂಗಿ. ಇವತ್ತು ಬ್ಯಾಡ, ಇನ್ನೊಂದಿನ ಬರ್ತೀನಿ" ಅಂದು ಚಪ್ಪಲಿ ಮೆಟ್ಟಿದರು. ಹೊಸ ಮನೆಯ ಮೊದಲ ಪ್ರಸಾದ ಎಲೆಯಲ್ಲೇ ಉಳಿಯಿತು. ಆಗ ನೆಗೆಣ್ಣಿ, ಆ ಹಾಳಾದ ಪೆಟ್ಟಿಗೆ ತಂದವಳು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾ ತಂದಾಗ ಚೆಂದ ಇದ್ವು. ನಸುಕಿನ್ಯಾಗ ಈಕಿ ನೀರು ಹಾಕಿದ್ಲು ನೋಡ್ರಿ. ಈಕಿ ಕೈಗುಣನಽ ಅಂಥಾದ್ದು."

ಅವಳ ಜುಟ್ಟು ಹಿಡಿದು ಅದೇ ನೀರಿನಲ್ಲಿ ಅದ್ದಿ ತೆಗೆಯಬೇಕು ಅನ್ನಿಸಿತು. ಮಾಡಲಿಲ್ಲ. ಬದಲಿಗೆ ಒಂದು ಆಣೆ ಹಾಕಿಕೊಂಡೆ. ಇವಳ ಹಾಲ್‌ನಲ್ಲಿ, ಇವಳ ನೆಂಟರ ಮುಂದೆ, ಇದೇ ಮೀನಿನಿಂದಲೇ ಇವಳ ಮುಖಕ್ಕೆ ಮಸಿ ಬಳಿಯುತ್ತೇನೆ.

ಸೇಡು ತೀರಿಸಿಕೊಳ್ಳಲು ಮೊದಲು ವಿದ್ಯೆ ಕಲಿಯಬೇಕು. ಹರಪನಹಳ್ಳಿಯಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಒಬ್ಬ ವಯಸ್ಸಾದವರ ಹತ್ತಿರ ಹೋಗಿ ಕೂತೆ. ತಿಂಗಳಿಗೆ ಒಂದೆರಡು ಸಲ, ನೂಲು ಗುಂಡಿ ತರುವ ನೆಪ. ಅವರು ಹೇಳಿಕೊಟ್ಟರು. ಬಣ್ಣ ನೋಡುವುದು ಕಡೆಗೆ, ಮೊದಲು ಬಾಯಿ ನೋಡಬೇಕು. ಯಾವುದರ ಬಾಯಲ್ಲಿ ಯಾವುದು ಹಿಡಿಸುತ್ತದೋ ಅವೆರಡು ಒಟ್ಟಿಗೆ ಇರಬಾರದು. ನಮ್ಮ ಬೋರಿನ ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ ಹೇಳಿ ಮಾಡಿಸಿದಂತೆ ಬಾಳುತ್ತವೆ. ಫೋಟೋದಲ್ಲಿ ಚೆಂದ ಕಂಡಿತೆಂದು ಮೆತ್ತನೆ ನೀರಿನ ಮೀನು ತಂದರೆ ವಾರದಲ್ಲಿ ತೇಲುತ್ತವೆ. ಫೈಟರ್ ಗಂಡು ಎರಡಿದ್ದರೆ ಒಂದು ಉಳಿಯುವುದಿಲ್ಲ. ಗೋಲ್ಡ್ ಫಿಶ್‌ಗೆ ಬೇರೆ ಮನೆಯೇ ಬೇಕು. ನಲ್ಲಿ ನೀರನ್ನು ಒಂದು ದಿನ ಬಕೀಟಿನಲ್ಲಿಟ್ಟು ಔಷಧಿ ವಾಸನೆ ಹೋದಮೇಲೆ ಹಾಕಬೇಕು. ಮಂಡಕ್ಕಿಯಂತೂ ತೋರಿಸಲೂ ಬಾರದು.

ಕಲಿತೆ. ನಾಲ್ಕು ವರ್ಷದಲ್ಲಿ ನನ್ನ ಅಕ್ವೇರಿಯಂ ನೋಡಲು ಕೂಡ್ಲಿಗಿಯಿಂದ ಜನ ಬರತೊಡಗಿದರು. ಸೀರೆಗೆ ಯಾವ ರವಿಕೆ ಒಪ್ಪುತ್ತದೆ ಎಂದು ಹೇಳಿ ಹೇಳಿ ಕಣ್ಣು ಪಳಗಿತ್ತು. ಕಿತ್ತಳೆ ಪ್ಲಾಟಿಯ ಪಕ್ಕ ಕರಿ ಮೋಲಿ, ಅವುಗಳ ಕೆಳಗೆ ನೆಲ ನೆಕ್ಕುವ ಚುಕ್ಕೆಯ ಮೀನು. ಬ್ಲೌಸ್ ಕೊಡಲು ಬಂದವರು ಮೀನು ಯಾವುದು ತರೋಣ ಎಂದು ಕೇಳಿಕೊಂಡು ಹೋಗುತ್ತಿದ್ದರು. ನನ್ನ ಕೈಗುಣದ ಬಗ್ಗೆ ಆಗ ಯಾರೂ ಬಾಯಿ ಬಿಡಲಿಲ್ಲ.

ಇದರಲ್ಲೆಲ್ಲ ನನ್ನ ಜೊತೆ ಇದ್ದವಳು ಒಬ್ಬಳೇ, ಆ ನೆಗೆಣ್ಣಿಯ ಮಗಳು. ಕೊಟ್ಟೂರಿನಲ್ಲೇ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ತಾಯಿಯ ಒಂದು ಗುಣವೂ ಬಂದಿಲ್ಲ. ರಜೆ ಬಂದರೆ ನಮ್ಮ ಮನೆಗೆ ಬಂದು ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತುಬಿಡುವಳು. "ಚಿಗವ್ವ, ಇದು ಯಾಕ ಮೂಲ್ಯಾಗ ಕುಂತೈತಿ? ಅದು ಯಾಕ ಅದರ ಹಿಂದಿಂದನಽ ಹೋಗ್ತೈತಿ?" ನಾನು ಕಲಿತದ್ದನ್ನೆಲ್ಲ ಅವಳಿಗೂ ಹೇಳುತ್ತಿದ್ದೆ. ನನಗೆ ಹೆಣ್ಣುಮಕ್ಕಳಿಲ್ಲ. ಇವಳು ಬಂದಳೆಂದರೆ ನಾನು ಮಷೀನ್ ಬಂದ್ ಮಾಡುತ್ತಿದ್ದೆ.

ಆ ಹುಡುಗಿಯನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಬರುವುದಾಯಿತು. ಎರಡು ಸಂಬಂಧ ಮೊದಲೇ ತಪ್ಪಿದ್ದವು. ಹುಡುಗ ಒಳ್ಳೆಯವನಂತೆ, ಹುಡುಗಿಗೂ ಫೋಟೋ ಒಪ್ಪಿಗೆಯಾಗಿತ್ತು. ಅವಳೇ ನನಗೆ ಫೋನಿನಲ್ಲಿ ನಾಚಿಕೊಂಡು ಹೇಳಿದ್ದಳು. ಹದಿನೈದು ದಿನ ಮೊದಲು ನೆಗೆಣ್ಣಿಯ ಫೋನ್ ಬಂತು. "ಲೇ ತಂಗಿ, ಹಾಲ್‌ನ್ಯಾಗ ದೊಡ್ಡ ಅಕ್ವೇರಿಯಂ ಇಡಿಸೀನಿ. ಮೀನು ನೀನಽ ಆರಿಸಿಕೊಡು. ಬಂದವರ ಕಣ್ಣು ಅದರ ಮ್ಯಾಲೆ ಬೀಳಬೇಕು ನೋಡು."

ಬೀಳಿಸುತ್ತೇನೆ ತಾಯಿ, ಅಂದುಕೊಂಡೆ. ಬಾಯಲ್ಲಿ, "ಆಗ್ಲಿ ಬಿಡ್ರಿ ಅಕ್ಕ" ಅಂದೆ. ಸತ್ಯವಾಗಿ ಹೇಳುತ್ತೇನೆ, ಆ ದಿನದಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ನೀರಿನ ವಿಷಯ ಸರಿಯಾಗಿಯೇ ಹೇಳಿದೆ. ಹದಿನೈದು ದಿನ ಬರೀ ನೀರು ಓಡಿಸಿ ಅಂದೆ, ಗಿಡ ಹಾಕಿಸಿದೆ, ಮಂಡಕ್ಕಿ ಬ್ಯಾಡ ಅಂದೆ. ಎಲ್ಲ ಸರಿ ಹೇಳಿದರೆ ತಾನೇ ಒಂದು ತಪ್ಪು ಕಾಣದೆ ಹೋಗುವುದು! ಭಾನುವಾರ ಅವರು ಬರುವುದಿತ್ತು, ಗುರುವಾರ ಹರಪನಹಳ್ಳಿಗೆ ಹೋದೆ. ನಾಲ್ಕು ಏಂಜೆಲ್ ಮೀನು ಆರಿಸಿದೆ, ಬೆಳ್ಳಿ ಬಣ್ಣ, ಸೆರಗು ಬಿಟ್ಟಂತೆ ಉದ್ದನೆಯ ರೆಕ್ಕೆ. ಆಮೇಲೆ ಎಂಟು ಟೈಗರ್ ಬಾರ್ಬ್. ಹಳದಿ ಮೈಗೆ ಕರಿ ಪಟ್ಟೆ, ಚುರುಕು, ನೋಡಲು ಬಲು ಅಂದ. ಅವುಗಳ ಚಟ ಒಂದೇ, ನಿಧಾನ ತಿರುಗುವ ಉದ್ದ ರೆಕ್ಕೆಯನ್ನು ಕಂಡರೆ ಚೂರು ಚೂರು ಕಚ್ಚಿ ಹರಿಯುವುದು.

ಅಂಗಡಿಯವರು ಚೀಲ ಕಟ್ಟುವಾಗ ಕೈ ತಡೆದರು. "ಎಲ್ಡೂ ಒಂದೇ ಟ್ಯಾಂಕಿಗೇನವ್ವಾ?"

"ಬ್ಯಾರೆ ಬ್ಯಾರೆ ಮನಿಗೆ ರೀ" ಅಂದೆ. ಕಲಿಸಿದ ಗುರುವಿಗೇ ಸುಳ್ಳು ಹೇಳಿದೆ.

ಕೊಟ್ಟೂರಿನಲ್ಲಿ ನಾನೇ ಕೈಯಾರೆ ಬಿಟ್ಟೆ. ನೆಗೆಣ್ಣಿ ಚಪ್ಪಾಳೆ ತಟ್ಟಿದಳು. ಹುಡುಗಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಬರುವ ಮೊದಲೇ ಬಸ್ಸು ಹತ್ತಿದೆ. ಶುಕ್ರವಾರ, ಶನಿವಾರ ಮಷೀನ್ ಮುಂದೆ ಕೂತು ಲೆಕ್ಕ ಹಾಕಿದೆ: ಇಷ್ಟೊತ್ತಿಗೆ ಶುರು ಹಚ್ಚಿಕೊಂಡಿರುತ್ತವೆ, ಇಷ್ಟೊತ್ತಿಗೆ ತುದಿ ಹರಿದಿರುತ್ತದೆ. ಎರಡು ರವಿಕೆಗೆ ತೋಳು ತಿರುಗಾಮುರುಗಾ ಹಚ್ಚಿಬಿಟ್ಟೆ.

ಭಾನುವಾರ ಹೋದಾಗ ಗಾಜಿನೊಳಗೆ ನಾನು ಬಯಸಿದ್ದೇ ಆಗಿತ್ತು. ಒಂದು ಏಂಜೆಲ್ ಕೆಳಗೆ ಮಗ್ಗುಲಾಗಿ ಬಿದ್ದಿತ್ತು, ಉಳಿದವು ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿದ್ದವು, ರೆಕ್ಕೆಗಳು ಚಿಂದಿ. ನೆಗೆಣ್ಣಿಗೆ ಅಡುಗೆ, ಸೀರೆ, ಶಾವಿಗೆಯ ಗಡಿಬಿಡಿ. ಅದರ ಕಡೆ ಕಣ್ಣು ಹಾಯಿಸಿಯೇ ಇರಲಿಲ್ಲ.

ಗಂಡಿನ ತಾಯಿ ಬಂದು ಕೂತವರೇ ಗಾಜಿನ ಕಡೆ ತಿರುಗಿದರು. "ಯಾರ್ರಿ ಇವನ್ನ ಸಾಕೋದು?"

ಈಗ, ಅಂದುಕೊಂಡೆ. ನನ್ನ ತಂಗಿ ಆರಿಸ್ಯಾಳ ಅನ್ನಲಿ, ನನ್ನ ಕೈಗುಣ ಅನ್ನಲಿ, ಆಗ ನಾನು ಎಲ್ಲರ ಮುಂದೆ ನಾಲ್ಕು ವರ್ಷದ್ದನ್ನು ಕಕ್ಕುತ್ತೇನೆ. ಮಾತು ನಾಲಿಗೆಯ ತುದಿಯಲ್ಲಿತ್ತು.

ನೆಗೆಣ್ಣಿ ಎದೆ ಉಬ್ಬಿಸಿ ಹೇಳಿದಳು: "ನಮ್ಮ ಹುಡಿಗೀನಽ ರೀ. ಆಕಿನಽ ಆರಿಸ್ಯಾಳ, ಆಕಿನಽ ಸಾಕ್ಯಾಳ. ಭಾಳ ಶಾಣ್ಯಾಕಿ."

ನನಗೆ ಬರಬೇಕಾದ ಹೆಸರನ್ನೂ ಕದ್ದಳು, ಮಗಳನ್ನೂ ನೇರವಾಗಿ ನನ್ನ ಹೊಂಡದಲ್ಲಿ ತಳ್ಳಿದಳು. ಆ ತಾಯಿ ಎದ್ದು ಹತ್ತಿರ ಹೋಗಿ ನೋಡಿದರು. ಅದೇ ಹೊತ್ತಿಗೆ ಒಂದು ಬಾರ್ಬ್, ಕೆಳಗೆ ಬಿದ್ದಿದ್ದರ ಕಣ್ಣಿಗೆ ಬಾಯಿ ಹಾಕಿತು. ಅವರ ಮುಖ ಮುದುಡಿತು. "ಅಯ್ಯಯ್ಯ, ಕಚ್ಚಾಡಿ ಸಾಯಾಕ ಹತ್ಯಾವಲ್ಲ! ಖರೇನಽ ನೀ ಆರಿಸಿದ್ದೇನವ್ವ ಇವು?"

ಹುಡುಗಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಗಾಜನ್ನು ನೋಡಿದಳು. ನನ್ನನ್ನು ನೋಡಿದಳು. "ಹೌದ್ರಿ. ನಾನಽ ಆರಿಸಿದ್ದು. ತಪ್ಪಾತು" ಅಂದಳು.

ಅವರು ಶಾವಿಗೆ ಅರ್ಧ ತಿಂದು ಎದ್ದರು. ಮನೆಗೆ ಹೋಗಿ ತಿಳಿಸ್ತೀವಿ ಅಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಆ ತಾಯಿ ಗಂಡನಿಗೆ ಮೆಲ್ಲಗೆ ಹೇಳಿದ್ದು ಒಳಗಿದ್ದ ನಮಗೂ ಕೇಳಿಸಿತು: "ಬ್ಯಾಡ ನಡೀರಿ. ಮನಿ ಕೆಡಿಸೋ ಕೈ ಅದು."

ಕಾರು ತಿರುವು ದಾಟಿದ್ದೇ ತಡ, ನೆಗೆಣ್ಣಿ ಮಗಳ ಮೇಲೆ ಬಿದ್ದಳು. ನಾನೇನೋ ಮೆರೆಸಾಕ ಹೇಳಿದ್ರ ನೀ ಯಾಕ ಹೂಂ ಅಂದಿ, ನಿನ್ನ ಹಣೆಬರಾನಽ ಇಷ್ಟು, ನಿನ್ನ ಕೈಗಿಷ್ಟು ಬೆಂಕಿ ಹಾಕ. ಬೈದು ಬೈದು ತಾನೇ ಸೋಫಾದ ಮೇಲೆ ಕುಸಿದು ಅಳತೊಡಗಿದಳು. ನಾನು ನೋಡಬೇಕೆಂದು ನಾಲ್ಕು ವರ್ಷ ಕಾದ ಅಳು. ಒಂದು ಗಳಿಗೆ, ಹೌದು, ತಂಪಾಯಿತು. ಆಮೇಲೆ ತಟ್ಟೆಯನ್ನು ಇನ್ನೂ ಕೆಳಗಿಡದೆ ಗೋಡೆಗೆ ಆತು ನಿಂತಿದ್ದ ಹುಡುಗಿಯನ್ನು ನೋಡಿದೆ.

"ಆಕಿಗೆ ಬೈಬ್ಯಾಡ್ರಿ ಅಕ್ಕ" ಅಂದೆ. "ನಾ ಬೇಕಂತನಽ ಕಚ್ಚೋ ಮೀನ ತಂದು ಬಿಟ್ಟಿದ್ದೆ. ನಿಮ್ಮ ಮಾನ ಹೋಗ್ಲಿ ಅಂತ."

ಅವಳು ನನ್ನ ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡೆ. ಉಗಿದಿದ್ದರೆ ನನಗೂ ನಾಲ್ಕು ಮಾತು ಆಡಲು ಆಗುತ್ತಿತ್ತು. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಗಳನ್ನು ಕೇಳಿದಳು: "ನೀ ವರ್ಷಾನಗಟ್ಲೆ ಈಕಿ ಕೂಡ ಕುಂತು ಕಲ್ತಾಕಿ. ನಿನಗ ಗೊತ್ತಾಗಲಿಲ್ಲೇನು?"

"ಗುರುವಾರ ಸಂಜೀಕನಽ ಗೊತ್ತಾತು" ಅಂದಳು ಹುಡುಗಿ.

"ಮತ್ತ ಯಾಕ ತೆಗೀಲಿಲ್ಲ?"

ಹುಡುಗಿ ತಟ್ಟೆಯನ್ನು ಕೆಳಗಿಟ್ಟಳು. ಉತ್ತರ ತಾಯಿಗೆ ಕೊಟ್ಟಳು, ಕಣ್ಣು ನನ್ನ ಮೇಲಿತ್ತು.

"ಭಾನುವಾರ ನನ್ನ ನೋಡಾಕ ಬರ್ತಾರ ಅಂತ ಚಿಗವ್ವಗ ಗೊತ್ತಿತ್ತಲ್ಲವ್ವ. ಆಕಿನಽ ಬಂದು ತೆಗೀತಾಳ ಅಂತ ಕಾದೆ."